2000ನೆಯ ಇಸವಿಯ ಗಣಕ ದೋಷ ಮತ್ತು ಅಮೆರಿಕದ ಎರಡು ಶಾಸನಗಳು: ಒಂದು ಅಧ್ಯಯನ

ಪೀಠಿಕೆ

ನೆರೆ, ಬರ, ಭೂಕಂಪಗಳು ದಿನಾಂಕ ತಿಳಿಸಿ ಬರುವುದಿಲ್ಲ. ಬರುವ ದಿನವೂ ಗಳಿಗೆಯೂ ಮೊದಲೇ ಗೊತ್ತಿದ್ದ ಅಪರೂಪದ ಸಂಕಟವೊಂದನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಜಗತ್ತು ಎದುರಿಸಿತು. 1999ರ ಡಿಸೆಂಬರ್ 31ರ ಮಧ್ಯರಾತ್ರಿ ಕಳೆದೊಡನೆ ಅಸಂಖ್ಯ ಗಣಕಯಂತ್ರಗಳು ಹೊಸ ವರ್ಷವನ್ನು 1900 ಎಂದು ತಪ್ಪಾಗಿ ಓದುವ ಸಂಭವವಿತ್ತು. ಇದನ್ನೇ ಜನರು ‘ವೈಟುಕೆ’ ಸಮಸ್ಯೆ ಎಂದು ಕರೆದರು.

ಗಡುವನ್ನು ಮುಂದೂಡುವ ಅಧಿಕಾರ ಯಾವ ಶಾಸನಸಭೆಗೂ ಇರಲಿಲ್ಲ. ಹೀಗಿರುವಾಗ ಕಾನೂನಿನಿಂದ ಏನು ಸಾಧ್ಯ ಎಂಬುದೇ ಈ ಲೇಖನದ ವಿಷಯ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾಂಗ್ರೆಸ್ 1998 ಮತ್ತು 1999ರಲ್ಲಿ ಈ ಸಂಬಂಧ ಎರಡು ಮುಖ್ಯ ಶಾಸನಗಳನ್ನು ಅಂಗೀಕರಿಸಿತು. ತಪ್ಪನ್ನು ಮುಚ್ಚಿಡದೆ ಹೇಳುವಂತೆ ಮಾಡುವುದು ಮೊದಲನೆಯದರ ಗುರಿ. ದಾವೆಗೆ ಮುನ್ನ ದುರಸ್ತಿಗೆ ಅವಕಾಶ ಕೊಡುವುದು ಎರಡನೆಯದರ ಗುರಿ. ದಾಖಲೆಗಳನ್ನು ಗಣಕದಲ್ಲಿ ನಿರ್ವಹಿಸುವ ಎಲ್ಲ ಕಚೇರಿಗಳಿಗೂ ಈ ಎರಡು ಗುರಿಗಳು ಇಂದಿಗೂ ಪ್ರಸ್ತುತವಾಗಿವೆ.

ದೋಷದ ಮೂಲ

1950 ಮತ್ತು 60ರ ದಶಕಗಳಲ್ಲಿ ಮಾಹಿತಿಯನ್ನು ರಂಧ್ರ ಕೊರೆದ ರಟ್ಟಿನ ಕಾರ್ಡುಗಳ ಮೇಲೆ ದಾಖಲಿಸಲಾಗುತ್ತಿತ್ತು. ಸಾಮಾನ್ಯ ಬಳಕೆಯ ಒಂದು ಕಾರ್ಡಿನಲ್ಲಿ 80 ಅಕ್ಷರಗಳಿಗೆ ಮಾತ್ರ ಸ್ಥಳವಿತ್ತು. ಗಣಕದ ಸ್ಮರಣಕೋಶವೂ ಬಹಳ ದುಬಾರಿಯಾಗಿತ್ತು. ಆದ್ದರಿಂದ ಇಸವಿಯ ಮೊದಲ ಎರಡು ಅಂಕಿಗಳನ್ನು ಬಿಟ್ಟು, 1965 ಎಂಬುದನ್ನು 65 ಎಂದಷ್ಟೇ ಬರೆಯುವ ರೂಢಿ ಬೆಳೆಯಿತು. ಅಂದಿನ ಮಟ್ಟಿಗೆ ಇದು ಉಳಿತಾಯದ ಜಾಣ ಕ್ರಮವೇ ಆಗಿತ್ತು. ಆ ತಂತ್ರಾಂಶಗಳು ಮೂವತ್ತು ನಲವತ್ತು ವರ್ಷ ಬಾಳುತ್ತವೆಂದು ಅವುಗಳನ್ನು ಬರೆದವರಲ್ಲಿ ಹೆಚ್ಚಿನವರು ಎಣಿಸಿರಲಿಲ್ಲ.

ದೋಷದ ಸ್ವರೂಪವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1935ರಲ್ಲಿ ಹುಟ್ಟಿದ ವ್ಯಕ್ತಿಯ ವಯಸ್ಸನ್ನು ಗಣಕವು 1999ರಲ್ಲಿ 99ರಿಂದ 35ನ್ನು ಕಳೆದು 64 ಎಂದು ಸರಿಯಾಗಿ ಹೇಳುತ್ತದೆ. ಮರುವರ್ಷ ಅದೇ ಗಣಕ 00ಯಿಂದ 35ನ್ನು ಕಳೆಯುತ್ತದೆ. ಉತ್ತರ ಋಣ 35. ಪಿಂಚಣಿಗೆ ಅರ್ಹನಾಗಬೇಕಾದ ವೃದ್ಧನು ಗಣಕದ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲದವನಾಗುತ್ತಾನೆ. ಬಡ್ಡಿ, ಸಾಲದ ಅವಧಿ, ಔಷಧಿಯ ಅಂತಿಮ ದಿನಾಂಕ, ವಿಮೆಯ ನವೀಕರಣ ಮುಂತಾದ ಎಲ್ಲ ಲೆಕ್ಕಗಳಿಗೂ ಇದೇ ಗತಿ.

ಇದರೊಂದಿಗೆ ಅಧಿಕ ವರ್ಷದ ತೊಡಕೂ ಸೇರಿತ್ತು. ನೂರರಿಂದ ಭಾಗವಾಗುವ ವರ್ಷಗಳು ಸಾಮಾನ್ಯವಾಗಿ ಅಧಿಕ ವರ್ಷಗಳಲ್ಲ. ಆದರೆ ನಾನೂರರಿಂದ ಭಾಗವಾಗುವಂಥವು ಅಧಿಕ ವರ್ಷಗಳು. ಮೊದಲ ನಿಯಮವನ್ನು ಮಾತ್ರ ಅಳವಡಿಸಿಕೊಂಡಿದ್ದ ತಂತ್ರಾಂಶಗಳು 2000ದ ಫೆಬ್ರವರಿ 29ನ್ನು ಗುರುತಿಸಲಾರದೆ ಹೋಗುವ ಅಪಾಯವಿತ್ತು.

ದುರಸ್ತಿಗೆ ಮುಖ್ಯವಾಗಿ ಎರಡು ಮಾರ್ಗಗಳಿದ್ದವು. ಇಸವಿಯನ್ನು ಎಲ್ಲೆಡೆ ನಾಲ್ಕು ಅಂಕಿಗಳಿಗೆ ವಿಸ್ತರಿಸುವುದು ಶಾಶ್ವತ ಪರಿಹಾರ. ಎರಡು ಅಂಕಿಗಳನ್ನೇ ಉಳಿಸಿಕೊಂಡು, ಉದಾಹರಣೆಗೆ 00ಯಿಂದ 29ರವರೆಗಿನವು 2000ದ ಸಾಲಿನವು, 30ರಿಂದ 99ರವರೆಗಿನವು 1900ರ ಸಾಲಿನವು ಎಂದು ಗಣಕಕ್ಕೆ ತಿಳಿಸುವುದು ತಾತ್ಕಾಲಿಕ ಪರಿಹಾರ. ಎರಡನೆಯದು ಅಗ್ಗವೂ ಶೀಘ್ರವೂ ಆಗಿತ್ತು. ಆದರೆ ಅದು ಸಮಸ್ಯೆಯನ್ನು ಮುಂದಿನ ತಲೆಮಾರಿಗೆ ದಾಟಿಸುತ್ತಿತ್ತು.

ಸರ್ಕಾರ ಎಚ್ಚೆತ್ತ ಬಗೆ

ಈ ದೋಷವನ್ನು ಕುರಿತು ಗಣಕ ವಿಜ್ಞಾನಿ ಬಾಬ್ ಬೀಮರ್ 1970ರ ದಶಕದಲ್ಲಿಯೇ ಬರೆದು ಎಚ್ಚರಿಸಿದ್ದರು. 1993ರಲ್ಲಿ ಕೆನಡಾದ ಪೀಟರ್ ಡಿ ಯಾಗರ್ ‘ಕಂಪ್ಯೂಟರ್‌ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಉದ್ಯಮ ವಲಯದ ಗಮನ ಸೆಳೆಯಿತು. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು 1989ರಲ್ಲಿಯೇ ಕೆಲಸ ಆರಂಭಿಸಿತ್ತು. ಉಳಿದ ಅನೇಕ ಇಲಾಖೆಗಳು ಬಹಳ ಹಿಂದುಳಿದಿದ್ದವು.

1996ರ ಜುಲೈ ತಿಂಗಳಲ್ಲಿ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರು ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಗೆ ಪತ್ರ ಬರೆದು ತ್ವರಿತ ಕ್ರಮಕ್ಕೆ ಒತ್ತಾಯಿಸಿದರು. ಪ್ರತಿನಿಧಿ ಸಭೆಯಲ್ಲಿ ಸ್ಟೀಫನ್ ಹಾರ್ನ್ ಅವರ ಅಧ್ಯಕ್ಷತೆಯ ಉಪಸಮಿತಿಯು ಒಂದು ಸರಳ ಉಪಾಯವನ್ನು ಕೈಗೊಂಡಿತು. ಶಾಲಾ ಮಕ್ಕಳಿಗೆ ಅಂಕಪಟ್ಟಿ ನೀಡುವಂತೆ ಪ್ರತಿಯೊಂದು ಇಲಾಖೆಯ ಸಿದ್ಧತೆಗೂ ದರ್ಜೆ ನೀಡಿ ಬಹಿರಂಗಪಡಿಸಿತು. ಕೆಳ ದರ್ಜೆ ಪಡೆದ ಇಲಾಖೆಗಳ ಮುಖ್ಯಸ್ಥರು ಸಾರ್ವಜನಿಕವಾಗಿ ಉತ್ತರಿಸಬೇಕಾಯಿತು.

1998ರ ಫೆಬ್ರವರಿ 4ರಂದು ಅಧ್ಯಕ್ಷರ ಆದೇಶದ ಮೂಲಕ ಒಂದು ಸಮನ್ವಯ ಮಂಡಳಿ ರಚನೆಯಾಗಿ, ಜಾನ್ ಕಾಸ್ಕಿನೆನ್ ಅದರ ಮುಖ್ಯಸ್ಥರಾದರು. ಅದೇ ವರ್ಷ ಸೆನೆಟ್ ರಾಬರ್ಟ್ ಬೆನೆಟ್ ಅವರ ಅಧ್ಯಕ್ಷತೆಯಲ್ಲಿ ವಿಶೇಷ ಸಮಿತಿಯನ್ನು ನೇಮಿಸಿತು. ಅಕ್ಟೋಬರ್‌ನಲ್ಲಿ ತುರ್ತು ವೆಚ್ಚಕ್ಕಾಗಿ 335 ಕೋಟಿ ಡಾಲರ್ ಮಂಜೂರಾಯಿತು. ಆಡಳಿತ ಯಂತ್ರ ಚಲಿಸತೊಡಗಿತು. ಆದರೆ ಖಾಸಗಿ ವಲಯದ ಬಾಯಿ ಮಾತ್ರ ತೆರೆಯಲಿಲ್ಲ.

ಮೌನದ ಕಾರಣ

ಒಂದು ಊರಿನ ವಿದ್ಯುತ್ ಕಂಪನಿಯನ್ನು ಕಲ್ಪಿಸಿಕೊಳ್ಳಬಹುದು. ಅದರ ನಿಯಂತ್ರಣ ತಂತ್ರಾಂಶವನ್ನು ಬೇರೊಬ್ಬರು ಒದಗಿಸಿದ್ದಾರೆ. ಕಂಪನಿಯು ತನ್ನ ಯಂತ್ರಗಳನ್ನು ಪರೀಕ್ಷಿಸಿ, ಒಂದು ಉಪಕರಣದಲ್ಲಿ ದೋಷವನ್ನು ಪತ್ತೆಹಚ್ಚಿದೆ. ಅದನ್ನು ಸರಿಪಡಿಸುವ ವಿಧಾನವನ್ನೂ ಕಂಡುಕೊಂಡಿದೆ. ಅದೇ ಉಪಕರಣವನ್ನು ಬಳಸುವ ನೂರಾರು ಕಂಪನಿಗಳಿಗೆ ಈ ಮಾಹಿತಿ ಅತ್ಯಗತ್ಯ. ಆದರೂ ಅದನ್ನು ಹಂಚಿಕೊಳ್ಳಲು ಕಂಪನಿಯ ವಕೀಲರು ಒಪ್ಪುವುದಿಲ್ಲ.

ಅವರ ಭಯಕ್ಕೆ ಆಧಾರವಿತ್ತು. ‘ನಮ್ಮಲ್ಲಿ ದೋಷವಿದೆ’ ಎಂದರೆ ಆ ಮಾತೇ ಮುಂದೆ ನ್ಯಾಯಾಲಯದಲ್ಲಿ ಕಂಪನಿಯ ವಿರುದ್ಧ ಸಾಕ್ಷಿಯಾಗಬಹುದು. ‘ದೋಷ ನಿವಾರಣೆಯಾಗಿದೆ’ ಎಂದು ಹೇಳಿ, ಬಳಿಕ ಯಂತ್ರ ಕೆಟ್ಟರೆ ಸುಳ್ಳು ಹೇಳಿದ ಆರೋಪ ಬರಬಹುದು. ‘ಆ ತಯಾರಕರ ಉಪಕರಣ ಸರಿಯಿಲ್ಲ’ ಎಂದರೆ ಮಾನನಷ್ಟ ಮೊಕದ್ದಮೆ. ಪ್ರತಿಸ್ಪರ್ಧಿ ಕಂಪನಿಗಳು ಒಟ್ಟಾಗಿ ಚರ್ಚಿಸಿದರೆ ಸ್ಪರ್ಧಾ ವಿರೋಧಿ ಕೂಟ ಕಟ್ಟಿದ ಆಪಾದನೆ. ಹೀಗೆ ನಾಲ್ಕೂ ದಿಕ್ಕಿನಿಂದ ಅಪಾಯವಿದ್ದಾಗ ಸುಮ್ಮನಿರುವುದೇ ಕ್ಷೇಮವೆನಿಸುವುದು ಸಹಜ. ಪ್ರತಿಯೊಬ್ಬರಿಗೂ ಕ್ಷೇಮವೆನಿಸಿದ ಈ ಮೌನ ಒಟ್ಟು ಸಮಾಜಕ್ಕೆ ಅಪಾಯಕಾರಿಯಾಗಿತ್ತು.

1998ರ ಶಾಸನ: ಹೇಳಿದವನಿಗೆ ರಕ್ಷಣೆ

1998ರ ಜುಲೈ 14ರಂದು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯಲ್ಲಿ ಮಾಡಿದ ಭಾಷಣದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ಈ ಮೌನವನ್ನು ಮುರಿಯಲು ಶಾಸನವೊಂದನ್ನು ಪ್ರಸ್ತಾಪಿಸಿದರು. ಅದು ‘2000ನೆಯ ಇಸವಿಯ ಮಾಹಿತಿ ಮತ್ತು ಸಿದ್ಧತೆ ಪ್ರಕಟಣಾ ಅಧಿನಿಯಮ’ ಎಂಬ ಹೆಸರಿನಲ್ಲಿ ಅಂಗೀಕಾರವಾಗಿ, ಅಕ್ಟೋಬರ್ 19ರಂದು ಅಧ್ಯಕ್ಷರ ಸಹಿ ಪಡೆಯಿತು. ಅದರ ಮುಖ್ಯಾಂಶಗಳು ಹೀಗಿವೆ:

1. ಸಿದ್ಧತೆಯ ಪ್ರಕಟಣೆ ಎಂದು ಸ್ಪಷ್ಟವಾಗಿ ಗುರುತಿಸಿ ನೀಡಿದ ಹೇಳಿಕೆಯನ್ನು, ಅದರಲ್ಲಿರುವ ವಿಷಯ ನಿಜವೆಂದು ಸಾಧಿಸುವ ಸಾಕ್ಷ್ಯವಾಗಿ, ಹೇಳಿದವರ ವಿರುದ್ಧದ ಸಿವಿಲ್ ದಾವೆಗಳಲ್ಲಿ ಸಾಮಾನ್ಯವಾಗಿ ಬಳಸುವಂತಿರಲಿಲ್ಲ.

2. ಹೇಳಿಕೆ ತಪ್ಪಾಗಿತ್ತು ಎಂಬ ಒಂದೇ ಕಾರಣಕ್ಕೆ ಹೊಣೆ ಬರುತ್ತಿರಲಿಲ್ಲ. ತಿಳಿದೂ ಸುಳ್ಳು ಹೇಳಿದ್ದು, ವಂಚಿಸುವ ಉದ್ದೇಶವಿದ್ದುದು ಅಥವಾ ನಿಜಾನಿಜದ ಬಗ್ಗೆ ಸಂಪೂರ್ಣ ಅಲಕ್ಷ್ಯ ತೋರಿದ್ದು ಬಲವಾದ ಸಾಕ್ಷ್ಯದಿಂದ ರುಜುವಾತಾಗಬೇಕಿತ್ತು.

3. ಈ ದೋಷವನ್ನು ಸರಿಪಡಿಸುವ ಉದ್ದೇಶಕ್ಕೆ ಮಾತ್ರ ಪ್ರತಿಸ್ಪರ್ಧಿ ಕಂಪನಿಗಳು ಮಾಹಿತಿ ವಿನಿಮಯ ಮಾಡಿಕೊಳ್ಳಲು ಸ್ಪರ್ಧಾ ಕಾನೂನಿನಿಂದ 2001ರ ಜುಲೈ 14ರವರೆಗೆ ವಿನಾಯಿತಿ ದೊರೆಯಿತು. ಬೆಲೆ ನಿಗದಿ ಮಾಡಿಕೊಳ್ಳುವಂತಹ ಒಪ್ಪಂದಗಳಿಗೆ ಈ ವಿನಾಯಿತಿ ಇರಲಿಲ್ಲ.

4. ಸರ್ಕಾರವು ವಿಶೇಷ ಕೋರಿಕೆಯ ಮೇರೆಗೆ ಸ್ವಯಂಪ್ರೇರಣೆಯಿಂದ ಪಡೆದ ಮಾಹಿತಿಯನ್ನು ಮಾಹಿತಿ ಸ್ವಾತಂತ್ರ್ಯ ಕಾನೂನಿನಡಿ ಇತರರಿಗೆ ಕೊಡುವುದನ್ನು ನಿರ್ಬಂಧಿಸಲಾಯಿತು.

ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಗಮನಿಸತಕ್ಕದ್ದು. ಈ ಶಾಸನ ರಕ್ಷಿಸಿದ್ದು ಮಾತನ್ನು, ಕೆಟ್ಟ ಯಂತ್ರವನ್ನಲ್ಲ. ಯಂತ್ರ ಕೆಟ್ಟು ನಷ್ಟವಾದರೆ ನೊಂದವರು ಬೇರೆ ಸಾಕ್ಷ್ಯಗಳ ಬಲದಿಂದ ಪರಿಹಾರ ಕೇಳುವ ಹಕ್ಕು ಹಾಗೆಯೇ ಉಳಿಯಿತು. ಷೇರು ಮಾರುಕಟ್ಟೆಯ ನಿಯಂತ್ರಕರಿಗೆ ಸಲ್ಲಿಸಬೇಕಾದ ದಾಖಲೆಗಳೂ ಈ ರಕ್ಷಣೆಯ ಹೊರಗಿದ್ದವು. ನೆರೆಯವನಿಗೆ ಸಹಾಯ ಮಾಡಲು ಹೋದವನು ಅದೇ ಕಾರಣಕ್ಕೆ ನ್ಯಾಯಾಲಯದ ಕಟಕಟೆ ಹತ್ತಬಾರದೆಂಬ ನ್ಯಾಯವೇ ಇದರ ತಳಹದಿ.

1999ರ ಶಾಸನ: ದಾವೆಗೆ ಮುನ್ನ ದುರಸ್ತಿ

ಗಡುವು ಹತ್ತಿರವಾದಂತೆ ಎರಡನೆಯ ಭಯ ತಲೆದೋರಿತು. 2000ದ ಜನವರಿಯಲ್ಲಿ ಯಂತ್ರಗಳು ಕೆಟ್ಟರೆ, ಇಂಜಿನಿಯರುಗಳು ದುರಸ್ತಿಗೆ ಕೂರಬೇಕೇ ಅಥವಾ ಸಾಕ್ಷಿ ಹೇಳಲು ಹೋಗಬೇಕೇ? ಮೊಕದ್ದಮೆಗಳ ಪ್ರವಾಹವೇ ಬರಬಹುದೆಂದು ಉದ್ಯಮಿಗಳು ವಾದಿಸಿದರು. ಇದರ ಫಲವಾಗಿ ರೂಪುಗೊಂಡ ‘ವೈಟುಕೆ ಅಧಿನಿಯಮ’ಕ್ಕೆ 1999ರ ಜುಲೈ 20ರಂದು ಅಧ್ಯಕ್ಷರ ಸಹಿ ಬಿತ್ತು. 2003ರ ಜನವರಿ 1ಕ್ಕೆ ಮುನ್ನ ಸಂಭವಿಸುವ ವೈಫಲ್ಯಗಳಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು.

ಮೊದಲನೆಯದಾಗಿ, ನಷ್ಟ ಹೊಂದಿದವರು ದಾವೆ ಹೂಡುವ ಮೊದಲು ಲಿಖಿತ ನೋಟಿಸು ನೀಡಬೇಕಿತ್ತು. ಎದುರು ಪಕ್ಷ 30 ದಿನಗಳೊಳಗೆ ಉತ್ತರಿಸಬೇಕು. ದುರಸ್ತಿಗೆ ಒಪ್ಪಿದರೆ ಮತ್ತೆ 60 ದಿನಗಳ ಕಾಲಾವಕಾಶ. ಹೀಗೆ ಒಟ್ಟು ಮೂರು ತಿಂಗಳು ದುರಸ್ತಿಗೆ ಮೀಸಲಾಯಿತು.

ಎರಡನೆಯದಾಗಿ, ಹೊಣೆಯನ್ನು ಪಾಲಿಗೆ ತಕ್ಕಂತೆ ಹಂಚಲಾಯಿತು. ಒಂದು ನಷ್ಟಕ್ಕೆ ಐವರು ಕಾರಣರಾಗಿದ್ದು, ಒಬ್ಬನ ಪಾಲು ಶೇಕಡ 20 ಆಗಿದ್ದರೆ ಆತನು ಸಾಮಾನ್ಯವಾಗಿ ಅಷ್ಟನ್ನೇ ತೆರಬೇಕು. ಉಳಿದವರು ದಿವಾಳಿಯಾದರೆ ಹಣವಿರುವವನೇ ಪೂರ್ತಿ ನಷ್ಟ ತುಂಬಬೇಕೆಂಬ ಹಳೆಯ ನಿಯಮ ಇಲ್ಲಿ ಸಡಿಲವಾಯಿತು. ಉದ್ದೇಶಪೂರ್ವಕವಾಗಿ ಹಾನಿ ಮಾಡಿದವರಿಗೆ ಮತ್ತು ತಿಳಿದೂ ವಂಚಿಸಿದವರಿಗೆ ಈ ಸೌಲಭ್ಯ ಇರಲಿಲ್ಲ.

ಮೂರನೆಯದಾಗಿ, ದಂಡರೂಪದ ಪರಿಹಾರಕ್ಕೆ ಮಿತಿ ಹಾಕಲಾಯಿತು. 50ಕ್ಕಿಂತ ಕಡಿಮೆ ಉದ್ಯೋಗಿಗಳಿರುವ ಸಣ್ಣ ಉದ್ಯಮಗಳ ವಿಷಯದಲ್ಲಿ ಅದು ನಿಜವಾದ ನಷ್ಟದ ಮೂರು ಪಟ್ಟು ಅಥವಾ 2,50,000 ಡಾಲರ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರುವಂತಿರಲಿಲ್ಲ.

ನಾಲ್ಕನೆಯದಾಗಿ, ಸಾಮಾನ್ಯ ನಾಗರಿಕರಿಗೂ ಒಂದು ಆಸರೆ ದೊರೆಯಿತು. ದಿನಾಂಕ ದೋಷದಿಂದಾಗಿ ಗೃಹಸಾಲದ ಕಂತು ಸಕಾಲದಲ್ಲಿ ಸಂದಾಯವಾಗದಿದ್ದರೆ, ನಿಗದಿತ ಅವಧಿಯಲ್ಲಿ ಆ ಕಾರಣಕ್ಕೆ ಮನೆಯನ್ನು ಜಪ್ತಿ ಮಾಡುವುದನ್ನು ತಡೆಯಲಾಯಿತು.

ಎಲ್ಲಕ್ಕಿಂತ ಮುಖ್ಯವಾದುದು ಶಾಸನದಿಂದ ಹೊರಗಿಟ್ಟ ವಿಷಯ. ದೇಹಕ್ಕೆ ಗಾಯ ಅಥವಾ ಸಾವು ಸಂಭವಿಸಿದ ಪ್ರಕರಣಗಳಿಗೆ ಈ ಯಾವ ನಿರ್ಬಂಧವೂ ಅನ್ವಯಿಸುತ್ತಿರಲಿಲ್ಲ. ಹಣದ ನಷ್ಟಕ್ಕೆ ಕಾಯಬಹುದು, ಜೀವದ ನಷ್ಟಕ್ಕೆ ಕಾಯಿಸಲಾಗದು ಎಂಬ ವಿವೇಕ ಇದರಲ್ಲಿದೆ.

ಆಕ್ಷೇಪಗಳು

ಮೊದಲ ಶಾಸನಕ್ಕೆ ಹೆಚ್ಚಿನ ವಿರೋಧ ಬರಲಿಲ್ಲ. ಎರಡನೆಯದು ತೀವ್ರ ಚರ್ಚೆಗೆ ಒಳಗಾಯಿತು. ದಾವೆ ಹೂಡುವವರ ಪರವಾದ ವಕೀಲರೂ ಗ್ರಾಹಕರ ಪರ ಸಂಘಟನೆಗಳೂ ಮುಖ್ಯ ಪ್ರಶ್ನೆಯೊಂದನ್ನು ಎತ್ತಿದರು: ಮೊಕದ್ದಮೆಯ ಭಯವೇ ಇಲ್ಲದಿದ್ದರೆ ಉಳಿದಿರುವ ತಿಂಗಳುಗಳಲ್ಲಿ ಕಂಪನಿಗಳು ದುರಸ್ತಿಗೆ ಹಣವನ್ನೇಕೆ ಖರ್ಚು ಮಾಡುತ್ತವೆ? ದೋಷಪೂರಿತ ತಂತ್ರಾಂಶವನ್ನು ಮಾರಿದವನಿಗೆ ರಿಯಾಯಿತಿ, ಕೊಂಡವನಿಗೆ ಕಾಯುವ ಶಿಕ್ಷೆ ಎಂಬ ಟೀಕೆಯೂ ಬಂದಿತು. ಮೂಲ ಮಸೂದೆಯನ್ನು ತಿರಸ್ಕರಿಸುವುದಾಗಿ ಶ್ವೇತಭವನವೇ ಎಚ್ಚರಿಸಿತ್ತು. ಅನೇಕ ತಿದ್ದುಪಡಿಗಳ ಬಳಿಕವೇ ಒಮ್ಮತ ಮೂಡಿ, ಪ್ರತಿನಿಧಿ ಸಭೆಯಲ್ಲಿ 404 ಮತಗಳು ಪರವಾಗಿಯೂ 24 ಮತಗಳು ವಿರುದ್ಧವಾಗಿಯೂ ಬಂದವು.

ಆಕ್ಷೇಪ ನಿರಾಧಾರವಾಗಿರಲಿಲ್ಲ. ಭಯವು ತಪ್ಪು ಮುಚ್ಚಿಡಲು ಪ್ರೇರಿಸುತ್ತದೆ. ಭಯವಿಲ್ಲದಿರುವುದು ಅಲಕ್ಷ್ಯಕ್ಕೆ ಪ್ರೇರಿಸುತ್ತದೆ. ಇವೆರಡರ ನಡುವೆ ಸಮತೋಲ ಸಾಧಿಸುವುದೇ ಶಾಸನಕರ್ತರ ಮುಂದಿದ್ದ ಕಠಿಣ ಕಾರ್ಯ. ಎರಡೂ ಶಾಸನಗಳ ಪ್ರಮುಖ ರಕ್ಷಣೆಗಳು ನಿರ್ದಿಷ್ಟ ಅವಧಿಗೆ ಸೀಮಿತವಾದದ್ದು ಇದೇ ಕಾರಣಕ್ಕೆ ಮಹತ್ವದ್ದು. ವಿಶೇಷ ಸಂದರ್ಭದ ರಿಯಾಯಿತಿ ಶಾಶ್ವತ ಹಕ್ಕಾಗಲಿಲ್ಲ.

ದುರಸ್ತಿಯ ಕೈಗಳು ಮತ್ತು ಬೆಂಗಳೂರು

ಕಾನೂನು ಕಾಲಾವಕಾಶ ನೀಡಬಹುದು. ಕೆಲಸವನ್ನು ಜನರೇ ಮಾಡಬೇಕು. ಕೋಟ್ಯಂತರ ಸಾಲುಗಳ ಹಳೆಯ ಕೋಬಾಲ್ ತಂತ್ರಾಂಶವನ್ನು ಓದಿ ತಿದ್ದಬಲ್ಲವರ ಕೊರತೆ ಅಮೆರಿಕದಲ್ಲಿ ಕಾಣಿಸಿಕೊಂಡಿತು. 1998ರ ಅಕ್ಟೋಬರ್‌ನಲ್ಲಿ ಅಂಗೀಕಾರವಾದ ಇನ್ನೊಂದು ಕಾನೂನು, ವಿದೇಶಿ ತಜ್ಞರಿಗೆ ನೀಡುವ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೆ ಏರಿಸಿತು. ತಂತ್ರಜ್ಞಾನ ವಲಯದ ಒಟ್ಟಾರೆ ಬೇಡಿಕೆ ಇದಕ್ಕೆ ಕಾರಣ. ದಿನಾಂಕ ದುರಸ್ತಿ ಅದರ ಒಂದು ಭಾಗ.

ಬೆಂಗಳೂರಿನ ತಂತ್ರಾಂಶ ಕಂಪನಿಗಳಿಗೆ ಈ ದುರಸ್ತಿ ಕಾರ್ಯವು ಪಾಶ್ಚಾತ್ಯ ಬ್ಯಾಂಕುಗಳ ಮತ್ತು ವಿಮಾ ಸಂಸ್ಥೆಗಳ ಬಾಗಿಲು ತೆರೆಯಿತು. ಕೆಲಸದಲ್ಲಿ ಹೊಸತನವೇನೂ ಇರಲಿಲ್ಲ. ಸಾಲು ಸಾಲಾಗಿ ಓದಿ, ದಿನಾಂಕ ಬಂದಲ್ಲೆಲ್ಲ ತಿದ್ದಿ ಪರೀಕ್ಷಿಸುವುದಷ್ಟೇ. ಆದರೆ ನಿಗದಿತ ಗಡುವಿಗೆ ತಪ್ಪಿಲ್ಲದೆ ಕೆಲಸ ಮುಗಿಸಿದುದರಿಂದ ಬೆಳೆದ ವಿಶ್ವಾಸವು 2000ದ ನಂತರ ದೊಡ್ಡ ಕೆಲಸಗಳನ್ನು ತಂದಿತು.

ಪರಿಣಾಮ

2000ದ ಜನವರಿ 1 ಬಹುಮಟ್ಟಿಗೆ ಶಾಂತವಾಗಿಯೇ ಕಳೆಯಿತು. ಅಮೆರಿಕದ ನೌಕಾ ವೀಕ್ಷಣಾಲಯದ ಜಾಲತಾಣವು ಇಸವಿಯನ್ನು 19100 ಎಂದು ತೋರಿಸಿತು. ಬೇಹುಗಾರಿಕೆ ಉಪಗ್ರಹಗಳ ಮಾಹಿತಿ ಸಂಸ್ಕರಣೆಯಲ್ಲಿ ಕೆಲಕಾಲ ತೊಂದರೆಯಾಯಿತು. ನಿರೀಕ್ಷಿಸಿದ್ದ ಮೊಕದ್ದಮೆಗಳ ಪ್ರವಾಹ ಬರಲಿಲ್ಲ.

ಇಷ್ಟೊಂದು ವೆಚ್ಚ ಅಗತ್ಯವಿತ್ತೇ ಎಂಬ ಪ್ರಶ್ನೆ ಒಡನೆಯೇ ಎದ್ದಿತು. ಕಡಿಮೆ ಸಿದ್ಧತೆ ಮಾಡಿಕೊಂಡ ದೇಶಗಳಲ್ಲಿಯೂ ಅನಾಹುತವಾಗಲಿಲ್ಲ ಎಂದು ಕೆಲವರು ತೋರಿಸಿದರು. ದುರಸ್ತಿಯಾಗಿದ್ದರಿಂದಲೇ ಅನಾಹುತ ತಪ್ಪಿತು ಎಂದು ಇತರರು ವಾದಿಸಿದರು. ಕಟ್ಟೆ ಭದ್ರವಾಗಿದ್ದ ಕೆರೆ ಒಡೆಯದಿದ್ದಾಗ ಕಟ್ಟೆಗೆ ಹಾಕಿದ ಮಣ್ಣು ದಂಡವೆಂದು ತೋರುವುದು ಲೋಕರೂಢಿ.

ದುರಸ್ತಿಯಾಗದೆ ಉಳಿದ ಕಡೆ ಏನಾಯಿತೆಂಬುದಕ್ಕೆ ಇಂಗ್ಲೆಂಡಿನ ಷೆಫೀಲ್ಡ್ ನಗರದ ಘಟನೆ ಸಾಕ್ಷಿ. ಅಲ್ಲಿನ ಪ್ರಯೋಗಾಲಯವೊಂದರ ಗಣಕವು ಗರ್ಭಿಣಿಯರ ವಯಸ್ಸನ್ನು ತಪ್ಪಾಗಿ ಲೆಕ್ಕ ಹಾಕಿ, ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವನ್ನು 150ಕ್ಕೂ ಹೆಚ್ಚು ಮಹಿಳೆಯರಿಗೆ ತಪ್ಪಾಗಿ ತಿಳಿಸಿತು. ದೋಷ ಬೆಳಕಿಗೆ ಬಂದದ್ದು 2000ದ ಮೇ ತಿಂಗಳಲ್ಲಿ. ಯಂತ್ರ ನಿಲ್ಲಲಿಲ್ಲ, ಸದ್ದು ಮಾಡಲಿಲ್ಲ. ತಪ್ಪು ಉತ್ತರವನ್ನು ಸರಿಯಾದ ಉತ್ತರದಷ್ಟೇ ನಿಶ್ಚಿಂತೆಯಿಂದ ಮುದ್ರಿಸಿತು. ಅದನ್ನು ನಂಬಿ ಕುಟುಂಬಗಳು ಮರಳಿ ಸರಿಪಡಿಸಲಾಗದ ನಿರ್ಧಾರಗಳನ್ನು ಕೈಗೊಂಡವು. ಜೀವಕ್ಕೆ ಸಂಬಂಧಿಸಿದ ಪ್ರಕರಣಗಳನ್ನು ಅಮೆರಿಕದ ಶಾಸನ ಏಕೆ ಪ್ರತ್ಯೇಕಿಸಿತೆಂಬುದು ಈ ಘಟನೆಯಿಂದ ಸ್ಪಷ್ಟವಾಗುತ್ತದೆ.

ಮುಂದಿನ ಗಡುವು ಮತ್ತು ಕಚೇರಿಗಳಿಗೆ ಪಾಠ

ಇದೇ ಜಾತಿಯ ಇನ್ನೊಂದು ದಿನಾಂಕ ಮುಂದಿದೆ. ಅನೇಕ ಗಣಕ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಸಂಖ್ಯೆಯಾಗಿ ಎಣಿಸುತ್ತವೆ. ಹಳೆಯ 32 ಬಿಟ್ ಪದ್ಧತಿಯಲ್ಲಿ ಈ ಎಣಿಕೆ 2,14,74,83,647ಕ್ಕೆ ಮುಗಿಯುತ್ತದೆ. ಆ ಗಳಿಗೆ ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಬರುತ್ತದೆ. ಮರು ಸೆಕೆಂಡಿನಲ್ಲಿ ಇಂತಹ ಗಣಕವು 1901ನೆಯ ಇಸವಿಗೆ ಹಿಂದಿರುಗಬಹುದು. ಹೊಸ ವ್ಯವಸ್ಥೆಗಳು 64 ಬಿಟ್ ಎಣಿಕೆಗೆ ಬದಲಾಗಿವೆ. ಹಳೆಯ ಉಪಕರಣಗಳು ಎಲ್ಲೆಲ್ಲಿ ಉಳಿದಿವೆಯೆಂಬುದನ್ನು ಹುಡುಕಿಯೇ ತಿಳಿಯಬೇಕು. 2038ರ ಬಳಿಕ ಮುಗಿಯುವ ಸಾಲ, ಗುತ್ತಿಗೆ ಅಥವಾ ಪಿಂಚಣಿಯ ಲೆಕ್ಕ ಹಾಕುವಾಗ ದೋಷವು ಅದಕ್ಕಿಂತ ಮೊದಲೇ ತೋರಬಹುದು.

ಜನನ ಮರಣ ನೋಂದಣಿ, ಪಹಣಿ, ಆಸ್ತಿ ತೆರಿಗೆ, ವೃದ್ಧಾಪ್ಯ ವೇತನ ಇವೆಲ್ಲವೂ ದಿನಾಂಕವನ್ನು ಆಧರಿಸಿದ ದಾಖಲೆಗಳು. ಅವುಗಳ ತಂತ್ರಾಂಶವನ್ನು ಗ್ರಾಮ ಮಟ್ಟದ ಸಿಬ್ಬಂದಿ ರೂಪಿಸುವುದಿಲ್ಲ. ಆದರೆ ತಪ್ಪು ಉತ್ತರವನ್ನು ಮೊದಲು ಕಾಣುವವರು ಅವರೇ. ಆದ್ದರಿಂದ ಮೂರು ಅಂಶಗಳು ನೆನಪಿನಲ್ಲಿರತಕ್ಕದ್ದು. ಕೈಬರಹದ ವಹಿಯಲ್ಲಿಯೂ ಗಣಕದಲ್ಲಿಯೂ ಇಸವಿಯನ್ನು ನಾಲ್ಕು ಅಂಕಿಗಳಲ್ಲಿ ಬರೆಯಬೇಕು. ಗಣಕವು ನೀಡಿದ ವಯಸ್ಸು ಅಥವಾ ಅವಧಿ ಅಸಹಜವೆನಿಸಿದರೆ ಮೂಲ ದಾಖಲೆಯೊಂದಿಗೆ ತಾಳೆ ನೋಡಬೇಕು. ದೋಷ ಕಂಡವರು ಅದನ್ನು ಲಿಖಿತವಾಗಿ ಮೇಲಿನವರಿಗೆ ತಿಳಿಸಬೇಕು. ತಿಳಿಸಿದವರನ್ನೇ ದೋಷಕ್ಕೆ ಹೊಣೆ ಮಾಡುವ ಪರಿಪಾಠ ಇರಕೂಡದು.

ಈ ಮೂರನೆಯ ಅಂಶವೇ 1998ರ ಶಾಸನದ ತಿರುಳು. ಗಡುವಿನ ದಿನ ಯಾರಿಗೂ ಕಾಯುವುದಿಲ್ಲ. ಅದಕ್ಕೆ ಮುನ್ನ ಸತ್ಯ ಹೊರಬರಬೇಕಾದರೆ ಸತ್ಯ ಹೇಳಿದವನಿಗೆ ನಿರ್ಭಯವಿರಬೇಕು.

ಚರ್ಚೆಗೆ ಪ್ರಶ್ನೆಗಳು

1. ಇಸವಿಯನ್ನು ಎರಡು ಅಂಕಿಗಳಲ್ಲಿ ಬರೆದವರನ್ನು ತಪ್ಪಿತಸ್ಥರೆಂದು ಕರೆಯಬಹುದೇ? ಕಾರಣ ಕೊಡಿ.

2. 1998ರ ಶಾಸನವು ಮಾತಿಗೆ ನೀಡಿದ ರಕ್ಷಣೆಗೂ 1999ರ ಶಾಸನವು ವೈಫಲ್ಯಕ್ಕೆ ನೀಡಿದ ಕಾಲಾವಕಾಶಕ್ಕೂ ಇರುವ ವ್ಯತ್ಯಾಸವೇನು?

3. ಸಣ್ಣ ಉದ್ಯಮಗಳ ದಂಡಕ್ಕೆ ಮಿತಿ ಹಾಕಿದ್ದು ಗ್ರಾಹಕರಿಗೆ ನ್ಯಾಯವೇ?

4. ತಮ್ಮ ಕಚೇರಿಯಲ್ಲಿ ದಿನಾಂಕವನ್ನು ಆಧರಿಸಿದ ದಾಖಲೆಗಳು ಯಾವುವು? ಅವುಗಳಲ್ಲಿ ತಪ್ಪು ಕಂಡರೆ ತಿಳಿಸುವ ಕ್ರಮ ಏನಿದೆ ಎಂಬುದನ್ನು ಪಟ್ಟಿ ಮಾಡಿ.